ಪುಕ್ಕಲು ಮೇಸ್ತ್ರಿ ಬಿಚ್ಚಿದ ಕೊಡೆ

ನನ್ನ ಸೋದರಮಾವನನ್ನು ಕಟ್ಟಡ ಕೆಲಸದವರೆಲ್ಲ ಪುಕ್ಕಲು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಮಾವ ಅದಕ್ಕೆ ಬೇಸರ ಮಾಡಿಕೊಂಡದ್ದನ್ನು ನಾನು ನೋಡಿಲ್ಲ. ಹೊಸಬರು ಯಾರಾದರೂ ಪರಿಚಯ ಕೇಳಿದರೆ ತಾವೇ ಆ ಹೆಸರು ಹೇಳಿಕೊಂಡು, ಒಮ್ಮೆ ಕತ್ತೆತ್ತಿ ತಲೆಯ ಮೇಲಿನ ಚಾವಣಿ ನೋಡಿ, ಆಮೇಲೆ ಮಾತು ಮುಂದುವರಿಸುತ್ತಿದ್ದರು.

ಅವರದು ಸೆಂಟ್ರಿಂಗ್ ಕೆಲಸ. ಸುರಿಯುವಾಗ ಕಾಂಕ್ರೀಟು ಕೆಸರಿನ ಹಾಗಿರುತ್ತದೆ. ಅದು ಗಟ್ಟಿಯಾಗುವ ತನಕ ಹಿಡಿದಿಡಲು ಹಲಗೆಗಳ ಅಚ್ಚು ಬೇಕು, ಅಚ್ಚಿನ ಕೆಳಗೆ ಸಾಲು ಸಾಲು ಆಸರೆಗಂಬಗಳು ಬೇಕು. ಅವನ್ನು ಕಟ್ಟುವುದು ಮಾವನ ಕೆಲಸ. ಕಾಂಕ್ರೀಟು ಬಲಿತ ಮೇಲೆ ಕಂಬಗಳನ್ನು ಒಂದೊಂದಾಗಿ ತೆಗೆದು ಅಚ್ಚು ಬಿಚ್ಚುವುದೂ ಅವರದೇ. ಕಟ್ಟುವಾಗ ಅವರು ಎಲ್ಲರ ಹಾಗೆಯೇ ಇರುತ್ತಿದ್ದರು. ಗುನುಗುತ್ತಿದ್ದರು, ಮೊಳೆ ಕಚ್ಚಿಕೊಂಡೇ ತಮಾಷೆ ಮಾಡುತ್ತಿದ್ದರು. ಬಿಚ್ಚುವ ದಿನ ಹತ್ತಿರವಾಯಿತೆಂದರೆ ಊಟ ಸೇರುತ್ತಿರಲಿಲ್ಲ. ಅಮ್ಮ ಎರಡು ಸಲ ಬಡಿಸಲು ಬಂದರೆ ಎರಡು ಸಲವೂ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಆ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟುವ ಮುಂಚೆ ನನ್ನ ತಲೆ ಸವರುತ್ತಿದ್ದರು. ಕೈ ಮಂಜಿನ ಹಾಗೆ ತಣ್ಣಗಿರುತ್ತಿತ್ತು.

ಈ ಭಯ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಅದು ಒಂದು ಬಿಳಿ ಮನೆಯಲ್ಲಿ ಹತ್ತಿಕೊಂಡದ್ದು.

ಆಗ ಕಟ್ಟಡಗಳಲ್ಲಿ ಹೊಸ ಗಾಳಿ ಬೀಸುತ್ತಿತ್ತು. ಹೊರದೇಶದಲ್ಲಿ ಓದಿ ಬಂದ ವಾಸ್ತುಶಿಲ್ಪಿಗಳು ಇಳಿಜಾರು ಮಾಡು, ಕಮಾನು, ಕೆತ್ತನೆ ಎಲ್ಲವನ್ನೂ ಕೈಬಿಟ್ಟು ಬಿಳಿ ಡಬ್ಬಿಯಂಥ ಮನೆಗಳನ್ನು ಬರೆಯುತ್ತಿದ್ದರು. ಸಪಾಟಾದ ಚಾವಣಿ, ಗೋಡೆಯುದ್ದಕ್ಕೂ ಒಂದೇ ಪಟ್ಟಿಯಾಗಿ ಓಡುವ ಕಿಟಕಿ, ಕೆಳಗೆ ಸಣಕಲು ಕಂಬಗಳು. ಮನೆ ನೆಲಕ್ಕೆ ಮುಟ್ಟಿಯೂ ಮುಟ್ಟದ ಹಾಗಿರಬೇಕು ಎಂಬುದು ಅವರ ಆಸೆ. ಅಂಥ ಒಂದು ಮನೆಯ ಮುಂಭಾಗದಲ್ಲಿ, ಕೆಳಗೆ ಒಂದೂ ಕಂಬವಿಲ್ಲದೆ ಗೋಡೆಯಿಂದ ಚಾಚಿಕೊಂಡ ಬಾಲ್ಕನಿ ಇತ್ತು. ಅದರ ಅಚ್ಚು ಕಟ್ಟಿದವರು ನನ್ನ ಅಪ್ಪ ಮತ್ತು ಮಾವ. ಅಪ್ಪನೇ ಮಾವನನ್ನು ಕೈಹಿಡಿದು ಕೆಲಸಕ್ಕೆ ಸೇರಿಸಿದ್ದು. ಭಾವ ಭಾಮೈದರಿಬ್ಬರೂ ಒಂದೇ ಡಬ್ಬಿಯಲ್ಲಿ ಬುತ್ತಿ ಉಣ್ಣುತ್ತಿದ್ದರಂತೆ.

ಹಾಗೆ ಚಾಚಿದ ಕಾಂಕ್ರೀಟಿಗೆ ಕಬ್ಬಿಣದ ಕಂಬಿ ಮೇಲ್ಪದರದಲ್ಲಿರಬೇಕು. ಎಳೆತ ಬೀಳುವುದು ಅಲ್ಲಿಯೇ. ಕಾಂಕ್ರೀಟಿನ ಬಾಂಡಲಿ ಹೊತ್ತು ಓಡಾಡಿದವರ ಕಾಲಡಿಯಲ್ಲಿ ಆ ಕಂಬಿಗಳು ಕುಸಿದು ತಳ ಸೇರಿದ್ದವು. ಅದು ಗೊತ್ತಾದದ್ದು ಆಮೇಲೆ, ಮುರಿದ ಚೂರುಗಳನ್ನು ನೋಡಿದಾಗ. ಅಚ್ಚು ಬಿಚ್ಚಿದ ದಿನ ಆಸರೆಗಂಬಗಳನ್ನೆಲ್ಲ ತೆಗೆದಾಗಿತ್ತು. ಅಪ್ಪ ಬಾಲ್ಕನಿಯ ಕೆಳಗೆ ಬಗ್ಗಿ ಹಲಗೆ ಜೋಡಿಸುತ್ತಿದ್ದರು. ಮಾವ ಹಗ್ಗ ತರಲು ಗೇಟಿನ ಕಡೆ ತಿರುಗಿದ್ದರು. ಸದ್ದು ದೊಡ್ಡದೇನೂ ಇರಲಿಲ್ಲವಂತೆ. ಒಣಕಡ್ಡಿ ಮುರಿದಷ್ಟೇ. ಮಾವ ಹಿಂದಿರುಗಿ ನೋಡುವಷ್ಟರಲ್ಲಿ ಬಿಳಿ ಧೂಳು ಮಾತ್ರ ಕಾಣಿಸಿತು.

ನನಗೆ ಆಗ ಇನ್ನೂ ಮಾತು ಬರುತ್ತಿರಲಿಲ್ಲ. ಅಪ್ಪನ ಮುಖ ನನಗೆ ಫೋಟೋದಿಂದಲೇ ಗೊತ್ತು.

ಮಾವ ತಮ್ಮ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು, ಮತ್ತೆ ಹೋಗಲಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಜಾರಿಕೊಂಡರು. ಅವರು ಬಂದ ಮೇಲೆ ನಾವು ಮಹಡಿಯ ಬಾಡಿಗೆ ಕೋಣೆ ಬಿಟ್ಟು ನೆಲದ ಮನೆ ಹಿಡಿದೆವು. ಚಾವಣಿ ಕುಸಿದರೂ ಬಾಗಿಲ ಚೌಕಟ್ಟು ನಿಲ್ಲುತ್ತದೆ, ನನ್ನ ಮಂಚ ಅದಕ್ಕೆ ಒತ್ತಿಕೊಂಡೇ ಇರಬೇಕು ಎಂಬುದು ಅವರ ಕಟ್ಟಪ್ಪಣೆ. ನನ್ನನ್ನು ಶಾಲೆಗೆ ಸೇರಿಸಲು ಬಂದ ದಿನ ಹೆಡ್‌ಮೇಡಂ ಏನೋ ಹೇಳುತ್ತಿದ್ದರೆ ಮಾವ ವರಾಂಡದ ಸೂರನ್ನೇ ನೋಡುತ್ತಿದ್ದರು. ನಿಮಗೆ ಕತ್ತು ನೋವೇ ಎಂದು ಮೇಡಂ ಕೇಳಿದ್ದರಂತೆ. ಗೆಳತಿಯರ ಮನೆಯ ಬಾಲ್ಕನಿಗೆ ನಾನು ಕಾಲಿಟ್ಟವಳಲ್ಲ. ಯಾರೂ ಬೇಡ ಎನ್ನಬೇಕಾಗಿರಲಿಲ್ಲ. ಹೊಸ್ತಿಲ ಬಳಿಯೇ ನಿಂತುಬಿಡುತ್ತಿದ್ದೆ. ನೆಗಡಿ ಒಬ್ಬರಿಂದೊಬ್ಬರಿಗೆ ಹತ್ತುವಂತೆ ಮಾವನ ಭಯ ನನಗೂ ಹತ್ತಿತ್ತು.

ಆದರೂ ಮಾವನಿಗೆ ಕೆಲಸಕ್ಕೇನೂ ಬರವಿರಲಿಲ್ಲ. ಬೇರೆಯವರು ಇಡುವುದಕ್ಕಿಂತ ಹೆಚ್ಚು ಕಂಬ ಇಡುತ್ತಿದ್ದರು, ತಡವಾಗಿ ಬಿಚ್ಚುತ್ತಿದ್ದರು. ಕಂಟ್ರಾಕ್ಟರುಗಳು ಹಲ್ಲು ಕಡಿಯುತ್ತಲೇ ಮತ್ತೆ ಅವರನ್ನೇ ಕರೆಸುತ್ತಿದ್ದರು. ಅವನ ಭಯವೇ ನಮ್ಮನ್ನು ಸಾಕುತ್ತಿದೆ ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳಿದ್ದನ್ನು ನಾನು ಕೇಳಿದ್ದೇನೆ.

ನಾನು ದೊಡ್ಡವಳಾಗುವ ಹೊತ್ತಿಗೆ ಬಿಳಿ ಡಬ್ಬಿಗಳ ಕಾಲ ಮುಗಿದು ಒರಟು ಕಾಂಕ್ರೀಟಿನ ಕಾಲ ಬಂದಿತ್ತು. ಗೋಡೆಗೆ ಗಾರೆಯಿಲ್ಲ, ಬಣ್ಣವಿಲ್ಲ. ಅಚ್ಚು ಬಿಚ್ಚಿದಾಗ ಹೇಗೆ ಕಂಡಿತೋ ಹಾಗೆಯೇ ಬಿಡುವುದು. ಕಾಂಕ್ರೀಟು ತಾನು ಕಾಂಕ್ರೀಟೇ ಎಂದು ನಾಚದೆ ನಿಲ್ಲಬೇಕು ಎಂಬುದು ಆ ಶೈಲಿಯವರ ಹಟ. ನಮ್ಮ ದೊಡ್ಡ ಗ್ರಂಥಾಲಯವನ್ನು ಹಾಗೆ ಕಟ್ಟಿದರು. ಅದರ ಗೋಡೆಗಳ ಮೇಲೆ ಮಾವನ ಹಲಗೆಗಳ ಎಳೆ, ಗಂಟು, ಗರಗಸದ ಗೀರು ಎಲ್ಲವೂ ಅಚ್ಚೊತ್ತಿವೆ. ಜನ ಅದನ್ನು ಜೈಲು ಎಂದು ಬೈದರು. ನಾನು ಕಾಲೇಜಿನಿಂದ ಬರುವಾಗ ಆ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದೆ. ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಯಬೇಕು ಎಂದು ನನಗೆ ಹೊಳೆದದ್ದು ಅಲ್ಲಿಯೇ. ಹೆದರಿಕೆಯಾಗುವ ವಸ್ತುವನ್ನು ಮುಟ್ಟಿ ಮುಟ್ಟಿ ನೋಡುವ ಚಪಲ ಅದು, ಬೇರೇನಲ್ಲ.

ಕಲಿತು, ಒಬ್ಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ನಕ್ಷೆಗಾರ್ತಿಯಾಗಿ ಸೇರಿದೆ. ಆಕೆ ಮಧ್ಯವಯಸ್ಸಿನ ಹೆಂಗಸು, ಮಿತಭಾಷಿ. ಕೆಲಸದವರು ಆಕೆಗೆ ನಕ್ಷೆಯಮ್ಮ ಎಂದೇ ಹೆಸರಿಟ್ಟಿದ್ದರು. ಆಕೆ ಬರೆದುಕೊಟ್ಟ ಕರಡನ್ನು ನಾವು ಪಾರದರ್ಶಕ ಹಾಳೆಯ ಮೇಲೆ ಇಂಕಿನಲ್ಲಿ ತಿದ್ದಿ, ಅಳತೆ ಬರೆದು ಕೆಲಸದ ಜಾಗಕ್ಕೆ ಕಳಿಸಬೇಕು. ಗೋಡೆಯ ತುಂಬ ದೇಶವಿದೇಶದ ಕಟ್ಟಡಗಳ ಫೋಟೋಗಳಿದ್ದವು. ಬಯಲಿನಲ್ಲಿ ಮಲಗಿದ ಹಾಗೆ ತಗ್ಗಾಗಿ ಚಾಚಿಕೊಂಡ ಮನೆ. ಕಬ್ಬಿಣ ಮತ್ತು ಗಾಜು ಬಿಟ್ಟರೆ ಮತ್ತೇನೂ ಇಲ್ಲದ ಮನೆ. ಅದರೊಳಗೆ ಬಟ್ಟೆ ಬದಲಾಯಿಸುವುದು ಎಲ್ಲಿ ಎಂದು ನಾವು ಹುಡುಗಿಯರು ನಗುತ್ತಿದ್ದೆವು. ಮತ್ತೆ ನಕ್ಷೆಯಮ್ಮನಿಗೆ ಅಚ್ಚುಮೆಚ್ಚಾದ ಸಾಲು: ಬಟ್ಟೆ ಮಡಿಸಿದಷ್ಟು ತೆಳುವಾಗಿ ಕಾಂಕ್ರೀಟನ್ನು ಮಡಿಸಿ ಕಟ್ಟಿದ ಚಾವಣಿಗಳು. ಕಾಂಕ್ರೀಟಿಗೆ ಬಲ ಕೊಡುವುದು ದಪ್ಪವಲ್ಲ, ಆಕಾರ ಎಂದು ತೋರಿಸಿಕೊಟ್ಟವರು ಕಟ್ಟಿದವು ಅವು. ಅವರಲ್ಲಿ ಒಬ್ಬರ ಕೈಕೆಳಗೆ ಆಕೆ ಚಿಕ್ಕ ವಯಸ್ಸಿನಲ್ಲಿ ದುಡಿದು ಬಂದಿದ್ದರು.

ಅಂಥದೇ ಚಾವಣಿಯ ಒಂದು ತರಕಾರಿ ಮಾರುಕಟ್ಟೆ ಕಟ್ಟುವ ಅವಕಾಶ ಆಕೆಗೆ ಸಿಕ್ಕಿತು. ಮಗುಚಿ ಹಿಡಿದ ಕೊಡೆಯ ಆಕಾರ. ನಡುವೆ ಒಂದೇ ಕಂಬ, ಅದರಿಂದ ನಾಲ್ಕು ಕಡೆಗೂ ಮೇಲಕ್ಕೇಳುತ್ತ ಚಾಚಿದ ರೆಕ್ಕೆಗಳು, ಮಳೆನೀರು ನಡುವಿಗೆ ಹರಿದು ಕಂಬದೊಳಗಿನ ಕೊಳವೆಯಿಂದ ಇಳಿದು ಹೋಗುವ ಹಾಗೆ. ಅಂಥ ಕೊಡೆಗಳ ಸಾಲು. ರೆಕ್ಕೆಯ ದಪ್ಪ ನಾಲ್ಕು ಬೆರಳು.

ಅಚ್ಚು ಕಟ್ಟಲು ಯಾರೂ ಮುಂದೆ ಬರದಿದ್ದಾಗ ಕಂಟ್ರಾಕ್ಟರು ಮಾವನನ್ನು ಕಚೇರಿಗೆ ಕರೆತಂದ. ನಾನು ಅಲ್ಲಿ ಕೆಲಸ ಮಾಡುವುದು ಮಾವನಿಗೆ ಗೊತ್ತಿತ್ತು, ಏನು ಬರೆಯುತ್ತಿದ್ದೇನೆ ಎಂಬುದು ಗೊತ್ತಿರಲಿಲ್ಲ. ನಕ್ಷೆಯಮ್ಮ ಎರಡು ಕೋಲುಗಳ ನಡುವೆ ದಾರಗಳನ್ನು ಬಿಗಿದು, ಒಂದು ಕೋಲನ್ನು ಸ್ವಲ್ಪ ತಿರುಚಿ ತೋರಿಸಿದರು. ಒಂದೊಂದು ದಾರವೂ ನೆಟ್ಟಗೇ ಇತ್ತು, ಆದರೆ ದಾರಗಳೆಲ್ಲ ಸೇರಿ ಬಳುಕಿದ ಮೈಯಾಗಿದ್ದವು. ಅಂದರೆ ನೇರ ಹಲಗೆಗಳಿಂದಲೇ ಈ ಬಾಗನ್ನು ಕಟ್ಟಬಹುದು. ಮಾವ ದಾರಗಳ ಮೇಲೆ ಬೆರಳಾಡಿಸಿದರು. ಅವರ ಕಣ್ಣು ಅರಳಿದ್ದು ನನಗೆ ಕಂಡಿತು. ಆಮೇಲೆ ಗೋಡೆಯ ಫೋಟೋಗಳ ಮುಂದೆ ನಿಂತು ಒಂದೊಂದನ್ನೇ ತೋರಿಸಿ ಒಂದೇ ಪ್ರಶ್ನೆ ಕೇಳಿದರು.

“ಇದನ್ನ ಬಿಚ್ಚಿದ್ದು ಯಾರಮ್ಮ?”

ನಕ್ಷೆಯಮ್ಮ ಕಟ್ಟಿಸಿದವರ, ಬರೆದವರ ಹೆಸರು ಹೇಳಿದರು. ಅದಲ್ಲ, ಕೆಳಗಿನ ಕಂಬ ತೆಗೆದವರು ಯಾರು, ತೆಗೆಯುವಾಗ ಏನಾಯಿತು ಎಂದು ಮಾವ ವಿವರಿಸಿದರು. ಆಕೆ ಯೋಚಿಸಿ, ಗೊತ್ತಿಲ್ಲ ಎಂದರು. ಆದರೆ ತನ್ನ ಗುರು ಮಾತ್ರ ಅಂಥ ದಿನ ಸಿಬ್ಬಂದಿಯನ್ನೆಲ್ಲ ಕರೆದುಕೊಂಡು ಚಾವಣಿಯ ಕೆಳಗೆ ನಿಲ್ಲುತ್ತಿದ್ದರು, ತಾನೂ ನಿಂತಿದ್ದೇನೆ, ಇಲ್ಲಿಯೂ ಹಾಗೆಯೇ ನಿಲ್ಲುತ್ತೇವೆ ಎಂದರು. ಕೆಲಸದವರಿಗೆ ಧೈರ್ಯ ಬರಲಿ ಎಂದು. ಮಾವ ನನ್ನ ಮೇಜಿನ ಕಡೆ ಒಮ್ಮೆ ನೋಡಿದರು. ಕೆಲಸ ಒಪ್ಪಿಕೊಂಡರು. ನೀವು ಯಾಕೆ ಒಪ್ಪಿದಿರಿ ಎಂದು ನಾನು ಮನೆಯಲ್ಲಿ ಕೇಳಿದಾಗ, ಬೇರೆ ಯಾರೋ ಕಟ್ಟಿದ ಕಂಬದ ಕೆಳಗೆ ನೀನು ನಿಲ್ಲೋದನ್ನ ನೋಡೋದಕ್ಕಿಂತ ಇದು ವಾಸಿ ಎಂದರು.

ಮೊದಲ ಕೊಡೆಯ ಅಚ್ಚು ಮೇಲೇಳುತ್ತಿದ್ದ ದಿನಗಳಲ್ಲಿ ನಾನು ಕೆಲಸದ ಜಾಗಕ್ಕೆ ಹೋಗಿ ಬರುತ್ತಿದ್ದೆ. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಕಂಬಗಳು, ಪ್ರತಿ ಕಂಬದ ಬುಡಕ್ಕೂ ಜೋಡಿ ಬೆಣೆ. ಬೆಣೆ ಹೊಡೆದರೆ ಕಂಬ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಮಾವ ಒಂದೊಂದನ್ನೂ ಮುಟ್ಟಿ ನೋಡುತ್ತ ಮೊಣಕಾಲ ಮೇಲೆ ಓಡಾಡುತ್ತಿದ್ದರು. ಕಾಂಕ್ರೀಟು ಹಾಕಿದ ದಿನ ಬೆಳಗಿನಿಂದ ಸಂಜೆಯವರೆಗೂ ಅವರು ಕೂಗುತ್ತಿದ್ದದ್ದು ಒಂದೇ ಮಾತು, ಕಂಬಿ ತುಳೀಬೇಡಿ. ಓಡಾಡಲೆಂದು ಮೇಲೆ ಬೇರೆ ಹಲಗೆ ಹಾಸಿದ್ದರೂ ಕೂಗುವುದು ನಿಲ್ಲಲಿಲ್ಲ. ಸಂಜೆ ಮನೆಗೆ ಬಂದಾಗ ಗಂಟಲು ಕೂತು ಹೋಗಿತ್ತು.

ಆಮೇಲೆ ಶುರುವಾಯಿತು ಕಾಯುವ ಕಾಲ. ಕಾಂಕ್ರೀಟು ಬಲಿಯುವ ತನಕ ಅದಕ್ಕೆ ನೀರುಣಿಸುತ್ತಿರಬೇಕು. ಮಾವ ದಿನವೂ ಹೋಗಿ ನೀರು ಹಾಯಿಸಿ ಬರುತ್ತಿದ್ದರು. ಮನೆಯಲ್ಲಿ ಪಾತ್ರೆ ಬಿದ್ದರೆ ಇಬ್ಬರೂ ಒಟ್ಟಿಗೆ ಬೆಚ್ಚುತ್ತಿದ್ದೆವು. ಒಂದು ದಿನ ಊಟಕ್ಕೆ ಕೂತಾಗ ಅವರು ತಟ್ಟೆಯಿಂದ ಮುಖವೆತ್ತದೆ ಕೇಳಿದರು.

“ನಾಲ್ಕು ಬೆರಳು ಅಂತ ಬರೆದಿದ್ದು ನಿನ್ನ ಕೈಯೇನಾ ಪುಟ್ಟಿ?”

ಹೌದು, ಅಳತೆಗಳೆಲ್ಲ ನನ್ನ ಕೈಬರಹದಲ್ಲೇ ಇದ್ದವು. ಅವರು ತಪ್ಪು ಹುಡುಕುತ್ತಿರಲಿಲ್ಲ, ಸುಮ್ಮನೆ ಕೇಳಿದ್ದರು. ಆದರೆ ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಮುರಿದುಕೊಂಡಿತು. ಕರಡಿನಿಂದ ತಿದ್ದುವಾಗ ನನ್ನ ಕೈ ಎಲ್ಲಾದರೂ ಜಾರಿತ್ತೇ? ಕಂಬಿಯ ಗೆರೆಯನ್ನು ಮೇಲೆ ಎಳೆಯುವ ಬದಲು ಕೆಳಗೆ ಎಳೆದಿದ್ದೆನೇ? ಮರುದಿನ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತೆ. ಕರಡು ಮತ್ತು ನಕ್ಷೆ ಎರಡನ್ನೂ ಬೆಳಕಿಗೆ ಹಿಡಿದು ಒಂದರ ಮೇಲೊಂದಿಟ್ಟು ನೋಡಿದೆ. ಸರಿಯಿತ್ತು. ಮಧ್ಯಾಹ್ನ ಮತ್ತೆ ನೋಡಿದೆ. ಸರಿಯಿತ್ತು. ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ನಕ್ಷೆಯಮ್ಮ. ಬೈಯುತ್ತಾರೆ ಎಂದುಕೊಂಡೆ. ಆಕೆ ಬೈಯಲಿಲ್ಲ. ತಾನೂ ಆ ಲೆಕ್ಕವನ್ನು ಮತ್ತೆ ಮತ್ತೆ ಮಾಡಿ ನೋಡುತ್ತಿದ್ದೇನೆ, ಉತ್ತರ ಬೇರೆ ಬರುವುದಿಲ್ಲ, ಆದರೂ ಬಿಡಲಾಗುತ್ತಿಲ್ಲ ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಅಲ್ಲಿಯವರೆಗೆ ಹೆದರಿದವರು ನಾವಿಬ್ಬರೇ ಎಂದುಕೊಂಡಿದ್ದೆ. ಮೂರನೆಯವರೂ ಇದ್ದಾರೆ ಎಂದು ತಿಳಿದು ಸಮಾಧಾನವಾಗಲಿಲ್ಲ, ನಕ್ಷೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದೆ.

ಬಿಚ್ಚುವ ದಿನ ಬಂತು. ಕೆಲಸದ ಜಾಗದ ಸುತ್ತ ಹಗ್ಗ ಕಟ್ಟಿದ್ದರು. ಹಗ್ಗದಾಚೆ ನೋಡಲು ಬಂದ ಜನ, ಒಳಗೆ ನಾಲ್ಕು ಬೆರಳಿನ ಆ ಬೂದು ರೆಕ್ಕೆಗಳು, ಕೆಳಗೆ ಕಂಬಗಳ ಕಾಡು. ನಕ್ಷೆಯಮ್ಮ ನಮ್ಮನ್ನು ಕೊಡೆಯ ಕೆಳಗೆ ಒಂದು ಬದಿಗೆ ನಿಲ್ಲಿಸಿದರು. ನನ್ನ ಪಕ್ಕದಲ್ಲಿದ್ದ ಗೆಳತಿ ಯಾವುದೋ ಸಿನಿಮಾ ಕತೆ ಹೇಳುತ್ತಿದ್ದಳು. ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ಮಾವ ಸುತ್ತಿಗೆ ಹಿಡಿದು ಬಂದವರು ನನ್ನೆದುರು ನಿಂತರು.

“ನೀನು ಆಚೆ ಹೋಗು.”

“ನೀವು ಒಳಗಿರ್ತೀರಲ್ಲ ಮಾವ.”

“ನಾನು ಕೆಲಸದವನು.”

“ನಾನೂ ಕೆಲಸದವಳೇ.”

ಅವರು ನನ್ನೊಡನೆ ವಾದಕ್ಕಿಳಿಯಲಿಲ್ಲ. ನೇರವಾಗಿ ನಕ್ಷೆಯಮ್ಮನ ಹತ್ತಿರ ಹೋಗಿ, ಹುಡುಗಿಯರು ಕೆಳಗಿದ್ದರೆ ಒಂದು ಬೆಣೆಯನ್ನೂ ಮುಟ್ಟುವುದಿಲ್ಲ ಎಂದರು. ಮೇಸ್ತ್ರಿ ಒಬ್ಬ ಎಲ್ಲರ ಮುಂದೆ ಹಾಗೆ ಹೇಳಿದ್ದನ್ನು ಕೇಳಿ ಕಂಟ್ರಾಕ್ಟರು ಅವಾಕ್ಕಾದ. ನಕ್ಷೆಯಮ್ಮ ಮೆಲ್ಲಗೆ, ಆದರೆ ದೃಢವಾಗಿ ಹೇಳಿದರು.

“ನನ್ನ ಲೆಕ್ಕದ ಮೇಲೆ ನಂಗೆ ನಂಬಿಕೆ ಇದೆ.”

“ಇರ್ಲಿ ಅಮ್ಮ. ನಂಬಿಕೆ ನಿಮ್ದು. ಅದಕ್ಕೆ ಇವ್ರ ತಲೆ ಯಾಕೆ ಅಡ ಇಡ್ತೀರಾ?”

ಆಕೆಯ ಮುಖ ಕೆಂಪೇರಿತು. ಆಮೇಲೆ ಬಿಳುಚಿತು. ಹಿಡಿದಿದ್ದ ನಕ್ಷೆಯ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. ನಮ್ಮ ಕಡೆ ತಿರುಗಿ, ಎಲ್ಲರೂ ಹಗ್ಗದಾಚೆ ಹೋಗಿ ಎಂದರು. ತಾನು ಮಾತ್ರ ಕದಲಲಿಲ್ಲ. ನೀವೂ ಹೋಗಿ ಎಂದು ಮಾವ ಹೇಳಿದ್ದಕ್ಕೆ, ಇಲ್ಲ, ನನ್ನನ್ನು ಬಿಟ್ಟುಬಿಡಿ ಎಂದು ನಡುವಿನ ಕಂಬದ ಪಕ್ಕ ಹೋಗಿ ನಿಂತರು.

ಹಗ್ಗದಾಚೆ ನಿಂತ ಮೇಲೆ ನನ್ನ ಭಯ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಕೆಳಗಿದ್ದಾಗ ಬಿದ್ದರೆ ನನ್ನ ಮೇಲೂ ಬೀಳುತ್ತದೆ ಎಂಬ ಒಂದು ಬಗೆಯ ಧೈರ್ಯವಿತ್ತು. ಈಗ ನೋಡುತ್ತ ನಿಲ್ಲಬೇಕಿತ್ತು.

ಚಾಚಿದ ಚಾವಣಿಯನ್ನು ತುದಿಯಿಂದ ಬುಡದ ಕಡೆಗೆ ಬಿಚ್ಚಿಕೊಂಡು ಬರಬೇಕು. ಮಾವ ನಾಲ್ಕು ಮೂಲೆಗೂ ನಾಲ್ವರನ್ನು ನಿಲ್ಲಿಸಿ, ತಾವು ಎಣಿಸಿದಾಗ ಎಲ್ಲರೂ ಒಟ್ಟಿಗೆ ಬೆಣೆಯನ್ನು ಕೂದಲೆಳೆಯಷ್ಟು ಸಡಿಲಿಸಬೇಕು ಎಂದು ಹೇಳಿಕೊಟ್ಟಿದ್ದರು. ಸುತ್ತಿಗೆಯ ಮೊದಲ ಏಟು ಬಿತ್ತು. ಏನೂ ಆಗಲಿಲ್ಲ. ಮತ್ತೊಂದು ಸುತ್ತು. ಮತ್ತೊಂದು. ಹೊರಗಿನ ಸಾಲಿನ ಕಂಬಗಳು ಒಂದೊಂದಾಗಿ ಅಲುಗಾಡತೊಡಗಿದವು. ಜನ ಉಸಿರುಬಿಟ್ಟರು. ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು.

ಆಗ ಕೇಳಿಸಿತು, ಒಣಕಡ್ಡಿ ಮುರಿದ ಸದ್ದು.

ಆ ಸದ್ದನ್ನು ನಾನು ಹುಟ್ಟಿನಿಂದ ಕೇಳುತ್ತ ಬಂದಿದ್ದೆ, ಮಾವನ ಬಾಯಲ್ಲಿ. ನಿಜವಾಗಿ ಕೇಳಿದ್ದು ಆಗಲೇ. ಕೆಲಸದವರು ಸುತ್ತಿಗೆಗಳನ್ನು ಬಿಸಾಕಿ ಓಡಿದರು. ಹಗ್ಗ ಹರಿದು ಹೋಯಿತು, ಜನ ಒಬ್ಬರ ಮೇಲೊಬ್ಬರು ಬಿದ್ದರು. ನಾನು ಹರಿದ ಹಗ್ಗದ ತುದಿ ಹಿಡಿದು ನಿಂತಲ್ಲೇ ನಿಂತಿದ್ದೆ. ಧೂಳಿಗಾಗಿ ಕಾಯುತ್ತಿದ್ದೆ.

ಧೂಳು ಏಳಲಿಲ್ಲ. ಕೊಡೆಯ ಕೆಳಗೆ ಇಬ್ಬರೇ ಉಳಿದಿದ್ದರು. ನಡುಗಂಬಕ್ಕೆ ಬೆನ್ನು ಒತ್ತಿಕೊಂಡು ನಕ್ಷೆಯಮ್ಮ. ಒಂದು ಮೂಲೆಯಲ್ಲಿ ಮೊಣಕಾಲೂರಿ ಮಾವ. ಮಾವ ಓಡಲಿಲ್ಲ ಎಂದು ಎಲ್ಲರೂ ಆಮೇಲೆ ಕೊಂಡಾಡಿದರು. ಮಾವ ನನಗೆ ನಿಜ ಹೇಳಿದ್ದಾರೆ: ಕಾಲು ಹಿಡಿದುಕೊಂಡಿತ್ತು, ಓಡಲು ಆಗಲಿಲ್ಲ. ಅವರ ಪ್ಯಾಂಟು ಒದ್ದೆಯಾಗಿತ್ತು. ಅದನ್ನೂ ಅವರೇ ಹೇಳಿದ್ದು.

ಸದ್ದು ಬಂದದ್ದು ಕಾಂಕ್ರೀಟಿಗೆ ಕಚ್ಚಿಕೊಂಡಿದ್ದ ಹಲಗೆಯೊಂದು ಕಿತ್ತು ಬಂದದ್ದರಿಂದ. ಅದು ಮಾವನ ಕಣ್ಣೆದುರಿಗೇ ಜೋತಾಡುತ್ತಿತ್ತು. ಅಷ್ಟೇ ಆಗಿದ್ದರೆ ಒಂದು ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ಮಾವ ತಮ್ಮ ಮುಂದಿನ ಮೂಲೆಗಂಬಕ್ಕೆ ಕೈಹಾಕಿದರು. ಸ್ವಲ್ಪ ಹೊತ್ತಿನ ಹಿಂದೆ ಸಡಿಲಿಸಿದ್ದ ಕಂಬ. ಅದು ಮತ್ತೆ ಬಿಗಿಯಾಗಿತ್ತು. ಅಂದರೆ ರೆಕ್ಕೆ ಕಂಬದ ಹಿಂದೆಯೇ ಇಳಿದು ಬಂದು ಅದರ ಮೇಲೆ ಕೂತಿತ್ತು.

“ಅಮ್ಮ, ಇಳೀತಿದೆ.”

ಆ ದನಿ ಹಗ್ಗದ ತನಕವೂ ಕೇಳಿಸಿತು. ಜನರ ಗಲಾಟೆ ತಾನಾಗಿ ನಿಂತಿತು.

“ಇಳಿಯುತ್ತೆ,” ಎಂದರು ನಕ್ಷೆಯಮ್ಮ. “ಸ್ವಲ್ಪ ಇಳಿದು ನಿಲ್ಲುತ್ತೆ. ಇನ್ನೊಂದ್ಸಲ ಸಡಿಲಿಸಿ.”

“ನಿಲ್ಲದಿದ್ರೆ?”

ಆಕೆ ನಡುಗಂಬ ಬಿಟ್ಟು ಮಾವನ ಹತ್ತಿರ ಬಂದು, ಬಟ್ಟೆ ಕೊಳೆಯಾಗುವುದನ್ನು ನೋಡದೆ ಕೂತುಬಿಡುವ ಮಕ್ಕಳ ಹಾಗೆ ನೆಲದ ಮೇಲೆ ಕೂತರು. ಮಾವ ಬೆಣೆಗೆ ಮೆಲ್ಲಗೆ ಏಟು ಕೊಟ್ಟರು. ಕಂಬ ಅಲುಗಾಡಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಆಮೇಲೆ ಅದು ಮತ್ತೆ ಬಿಗಿಯಾಯಿತು. ನನಗೆ ದೂರದಿಂದ ಕಂಡದ್ದು ಮಾವನ ಬೆನ್ನು ಮಾತ್ರ, ಆದರೆ ಆ ಬೆನ್ನು ಸೆಟೆದದ್ದರಿಂದಲೇ ಗೊತ್ತಾಯಿತು. ಅಪ್ಪನ ಮೇಲೆ ಬಿದ್ದದ್ದು ಹೀಗೆ ಇಂಚಿಂಚಾಗಿ ಹೇಳಿ ಬಿದ್ದಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಮುರಿಯುವುದು ಬೇರೆ, ಬಾಗುವುದು ಬೇರೆ. ಹೇಳಿಕೊಂಡೆನೇ ಹೊರತು ನಂಬಿಕೆ ಬರಲಿಲ್ಲ.

ಮಾವ ಮತ್ತೆ ಸುತ್ತಿಗೆ ಎತ್ತಿದರು. ಈ ಸಲ ಏಟಿನ ಸದ್ದೇ ನನಗೆ ಕೇಳಿಸಲಿಲ್ಲ. ಅವರು ಬೆರಳ ತುದಿಯಿಂದ ಕಂಬವನ್ನು ತಳ್ಳಿದರು. ಅದು ಅಲುಗಿತು. ಕಾದರು. ಮತ್ತೆ ತಳ್ಳಿದರು. ಅಲುಗಿತು. ನಕ್ಷೆಯಮ್ಮ ಕೈ ಚಾಚಿ ತಾವೂ ತಳ್ಳಿ ನೋಡಿದರು. ಹಾಗೆ ಇಬ್ಬರೂ ತುಂಬ ಹೊತ್ತು, ಹಲ್ಲು ಅಲುಗುತ್ತಿದೆಯೇ ಎಂದು ನೋಡುವ ಮಕ್ಕಳಂತೆ, ಆ ಕಂಬವನ್ನು ತಳ್ಳುತ್ತ ಕೂತಿದ್ದರು. ಅದು ಮತ್ತೆ ಬಿಗಿಯಾಗಲೇ ಇಲ್ಲ.

ಉಳಿದ ಕಂಬಗಳನ್ನು ಮಾವ ಒಬ್ಬರೇ ತೆಗೆದರು. ಓಡಿಹೋದ ಕೆಲಸದವರು ನಾಚಿಕೊಂಡು ಹಿಂದಿರುಗಿದಾಗ ಬರಬೇಡಿ ಎಂದು ಕೈಸನ್ನೆ ಮಾಡಿದರು. ಬಿಸಿಲು ಇಳಿಮುಖವಾಗುವ ಹೊತ್ತಿಗೆ ನೆಲ ಖಾಲಿಯಾಗಿತ್ತು. ನಡುವೆ ಒಂದು ಕಂಬ, ಅದರ ಮೇಲೆ ತೆರೆದ ಕೊಡೆ. ಜನ ಈಗ ನಿಜವಾಗಿ ಚಪ್ಪಾಳೆ ತಟ್ಟಿದರು. ನಕ್ಷೆಯಮ್ಮ ಮಾವನ ಎರಡೂ ಕೈ ಹಿಡಿದುಕೊಂಡರು. ಮಾವ ಕೈ ಬಿಡಿಸಿಕೊಂಡು ಹೊರಗೆ ಬಂದು, ಗೋಡೆಯ ಮರೆಗೆ ಹೋಗಿ ವಾಂತಿ ಮಾಡಿಕೊಂಡರು. ನಾನು ನೀರಿನ ಚೊಂಬು ಹಿಡಿದು ನಿಂತೆ.

ಮಿಕ್ಕ ಕೊಡೆಗಳನ್ನೂ ಅವರೇ ಬಿಚ್ಚಿದರು. ಪ್ರತಿ ಸಲವೂ ಅದೇ ತಣ್ಣನೆಯ ಕೈ, ಅದೇ ಮುಟ್ಟದ ತಟ್ಟೆ. ಒಂದು ಸಲ ಗೆದ್ದರೆ ಭಯ ಹೋಗುತ್ತದೆ ಎಂದು ಜನ ಹೇಳುತ್ತಾರಲ್ಲ, ಮಾವನ ವಿಷಯದಲ್ಲಿ ಅದು ಸುಳ್ಳಾಯಿತು. ಆದರೆ ನಕ್ಷೆಯಮ್ಮ ಅಂದಿನಿಂದ ಯಾವ ಚಾವಣಿಯ ಕೆಳಗೂ ತಮ್ಮ ಸಿಬ್ಬಂದಿಯನ್ನು ನಿಲ್ಲಿಸಲಿಲ್ಲ. ಮಾರುಕಟ್ಟೆಯ ಫೋಟೋ ಹೊರದೇಶದ ಪತ್ರಿಕೆಗಳಲ್ಲಿ ಬಂತು. ಆಕೆಯ ಗುರುವಿನ ಕಟ್ಟಡಗಳ ಪಕ್ಕದಲ್ಲಿ ಅದನ್ನೂ ಇಟ್ಟು ಬರೆದರು. ಆಕೆ ನಮ್ಮ ಗೋಡೆಗೂ ಒಂದು ಪ್ರತಿ ಅಂಟಿಸಿದರು, ಕೆಳಗೆ ತಮ್ಮ ಹೆಸರಿನ ಜೊತೆಗೆ ಬಿಚ್ಚಿದವರ ಹೆಸರನ್ನೂ ಬರೆದು.

ಎಲೆ, ಕಸ ಸೇರಿ ಕಂಬದ ಕೊಳವೆ ಕಟ್ಟಿಕೊಂಡರೆ ಕೊಡೆಯಲ್ಲಿ ನೀರು ನಿಂತು ಭಾರವಾಗುತ್ತದೆ ಎಂಬ ಯೋಚನೆ ಮಾವನಿಗೆ ಹೊಸದಾಗಿ ಹತ್ತಿತು. ಯಾರೂ ಹೇಳದಿದ್ದರೂ ಮಳೆಗಾಲಕ್ಕೆ ಮುಂಚೆ ಏಣಿ ಹಾಕಿ ಹತ್ತಿ ಕಸ ತೆಗೆದು ಬರುತ್ತಿದ್ದರು. ಮೇಲೆ ಹತ್ತುವಾಗ ಅವರಿಗೆ ಎಳ್ಳಷ್ಟೂ ಅಂಜಿಕೆಯಿರಲಿಲ್ಲ. ಹಕ್ಕಿಯ ಹಾಗೆ ತುದಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ಕೆಳಗೆ ಮಾತ್ರ ಕಾಲಿಡುತ್ತಿರಲಿಲ್ಲ.

ಒಂದು ಸಂಜೆ ನಾನು ಎಷ್ಟು ಬೇಡವೆಂದರೂ ಕೇಳದೆ ಅಮ್ಮ ಚೀಲ ಹಿಡಿದು ಆ ಮಾರುಕಟ್ಟೆಗೆ ಹೊರಟರು. ನಾನೂ ಮಾವನೂ ಹಿಂದೆ ಹೋದೆವು. ಅಮ್ಮ ಮೊದಲ ಕೊಡೆಯ ಕೆಳಗೆ ಹೋಗಿ ನಿಂತು, ಸೆರಗು ತಲೆಯಿಂದ ಜಾರಿದ್ದೂ ಗೊತ್ತಾಗದೆ ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬದನೆಕಾಯಿ ಆರಿಸಲು ಕೂತರು, ಒಂದೊಂದನ್ನೂ ಒತ್ತಿ ಒತ್ತಿ, ಮಾರುವವಳ ಜೊತೆ ಜಗಳವಾಡುತ್ತ. ಮಾವ ರಸ್ತೆಯ ಆಚೆ ಬದಿಯಲ್ಲೇ ನಿಂತಿದ್ದರು.

ಅಮ್ಮ ತಿರುಗಿ ಕರೆದರು. “ಬಾರೋ ಒಳಗೆ. ಏನೂ ಆಗಲ್ಲ.”

ಮಾವ ರಸ್ತೆ ದಾಟಿದರು. ಕೊಡೆಯ ನೆರಳು ಎಲ್ಲಿ ಶುರುವಾಗುತ್ತಿತ್ತೋ ಅಲ್ಲಿಗೆ ಬಂದು ನಿಂತರು.

“ನೀನು ಬೇಗ ಮುಗಿಸಿ ಬಾ ಅಕ್ಕ,” ಎಂದರು.

ಅಮ್ಮ ಮತ್ತೊಂದು ಬದನೆಕಾಯಿ ಒತ್ತಿ ನೋಡಿದರು. ನಾನು ಇಬ್ಬರ ನಡುವೆ ನಿಂತು, ಚೀಲ ತುಂಬುವುದನ್ನೇ ಕಾಯುತ್ತಿದ್ದೆ.